ಫ್ರಿಟ್ಜ್ ವುಂಡರ್ಲಿಖ್: ಮೆಟ್ಟಿಲಿನ ಕಥೆ ಸಾಕು, ಹಾಡಿನ ಬಗ್ಗೆ ಮಾತಾಡೋಣ

ಹಳೇರೇಡಿಯೊ:

ಇಲ್ಲಿ ಜರ್ಮನಿಯ ಒಪೆರಾ (ಹಾಡಿನಲ್ಲೇ ನಡೆಯೋ ನಾಟಕ) ಗಾಯಕ ವುಂಡರ್ಲಿಖ್ ಹೆಸರು ಬಂದಾಗಲೆಲ್ಲ ಎರಡನೇ ಸಾಲಿಗೇ ಮಾತು ಅವನ ಸಾವಿನ ಕಡೆ ಹೊರಳುತ್ತೆ. ಗೆಳೆಯನ ಬೇಟೆಮನೆ, ಮೆಟ್ಟಿಲು, ಮೂವತ್ತಾರು ತುಂಬೋಕೆ ಒಂಬತ್ತು ದಿನ ಬಾಕಿ, ಅಯ್ಯೋ ಪಾಪ. ಅಲ್ಲಿಗೆ ಚರ್ಚೆ ಮುಗೀತು. ನನಗಂತೂ ಸಾಕಾಗಿದೆ. ಅದಕ್ಕೇ ಆ ಕಥೆಯನ್ನ ಮೊದಲೇ ಹೇಳಿ ಮುಗಿಸಿಬಿಡ್ತೀನಿ, ಆಮೇಲೆ ಯಾರೂ ಎತ್ತಬೇಡಿ.

1966ರ ಸೆಪ್ಟೆಂಬರ್. ನೈಋತ್ಯ ಜರ್ಮನಿಯ ಮೌಲ್‌ಬ್ರಾನ್ ಹತ್ತಿರ ಓಬರ್‌ಡೆರ್ಡಿಂಗನ್ ಅಂತ ಒಂದು ಊರು. ಅಲ್ಲಿ ಗೆಳೆಯನ ಮನೆಗೆ ಬೇಟೆಗೆ ಅಂತ ಹೋಗಿದ್ದ. ಕಲ್ಲಿನ ಮೆಟ್ಟಿಲಿಂದ ಜಾರಿ ಬಿದ್ದು ತಲೆಗೆ ಪೆಟ್ಟಾಯ್ತು. 17ನೇ ತಾರೀಕು ಹೈಡೆಲ್‌ಬರ್ಗ್‌ನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ತೀರಿಕೊಂಡ. ಮುಂದಿನ ತಿಂಗಳು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲ ಸಲ ಹಾಡಬೇಕಿತ್ತು, ಮೊಟ್ಸಾರ್ಟ್‌ನ 'ಡಾನ್ ಜೊವಾನ್ನಿ'ಯ ಒಟ್ಟಾವಿಯೊ ಪಾತ್ರ. ಆ ಮೆಟ್‌ನ ಹೊಸ ಕಟ್ಟಡ ಉದ್ಘಾಟನೆ ಆಗಿದ್ದು ಇವನು ಸಾಯೋ ಹಿಂದಿನ ದಿನ. ಮುಗೀತು.

ಈಗ ವಿಷಯಕ್ಕೆ ಬರ್ತೀನಿ. 'ದೇವರು ಕೊಟ್ಟ ಕಂಠ' ಅಂತ ಅವನ ಬಗ್ಗೆ ಎಲ್ಲರೂ ಹೇಳ್ತಾರೆ. ನಾನು ಒಪ್ಪಲ್ಲ. ಕೊಟ್ಟಿದ್ದು ಸ್ವಲ್ಪ, ದುಡಿದು ಗಳಿಸಿದ್ದು ಬಹಳ. ಹುಟ್ಟಿದ್ದು 1930ರ ಸೆಪ್ಟೆಂಬರ್ 26, ಪ್ಫಾಲ್ಟ್ಸ್ ಸೀಮೆಯ ಕೂಸೆಲ್ ಅನ್ನೋ ಸಣ್ಣ ಊರಲ್ಲಿ. ಅಪ್ಪ ಚೆಲ್ಲೊ ನುಡಿಸ್ತಿದ್ದ, ಬ್ಯಾಂಡ್ ನಡೆಸ್ತಿದ್ದ. ಅಮ್ಮ ಪಿಟೀಲು ವಾದಕಿ. ಮೊದಲ ಮಹಾಯುದ್ಧದ ಗಾಯ, ಮೇಲೆ ನಾಜಿಗಳ ಕಾಟದಿಂದ ಹೋದ ಕೆಲಸ, ಎರಡೂ ಸೇರಿ ಅಪ್ಪ 1935ರಲ್ಲಿ ತಾನೇ ಪ್ರಾಣ ಕಳ್ಕೊಂಡ. ಹುಡುಗನಿಗೆ ಐದು ವರ್ಷ. ಅಮ್ಮ ಸಂಗೀತ ಪಾಠ ಹೇಳಿ ಮನೆ ನಡೆಸಿದಳು. ಯುದ್ಧ ಮುಗಿದ ಮೇಲೆ ಇವನು ಅಕಾರ್ಡಿಯನ್, ಟ್ರಂಪೆಟ್ ಹಿಡಿದು ಡ್ಯಾನ್ಸ್ ಬ್ಯಾಂಡುಗಳಲ್ಲಿ ನುಡಿಸ್ತಾ, ಬೇಕರಿಯಲ್ಲೂ ಕೆಲಸ ಮಾಡ್ತಾ ಬೆಳೆದ. 1950ರಲ್ಲಿ ಫ್ರೈಬುರ್ಗ್‌ನ ಸಂಗೀತ ಶಾಲೆ ಸೇರಿದಾಗಲೂ ಮೊದಲು ಹಿಡಿದಿದ್ದು ಫ್ರೆಂಚ್ ಹಾರ್ನ್ ಅನ್ನೋ ತುತ್ತೂರಿ ಜಾತಿಯ ವಾದ್ಯ. ಗಾಯನಕ್ಕೆ ಪೂರ್ತಿ ತಿರುಗಿದ್ದು ಅಲ್ಲಿ, ಮಾರ್ಗರೆಟೆ ಫಾನ್ ವಿಂಟರ್‌ಫೆಲ್ಟ್ ಅನ್ನೋ ಕಣ್ಣು ಕಾಣದ ಗುರುವಿನ ಕೈಕೆಳಗೆ. ಫೀಸಿಗೆ ರಾತ್ರಿ ಹೊತ್ತು ಬ್ಯಾಂಡು ನಡೆದೇ ಇತ್ತು.

ಅಲ್ಲಿಂದ ಹನ್ನೊಂದು ವರ್ಷ, 1955ರಿಂದ 1966. ಅಷ್ಟೇ ಅವನ ವೃತ್ತಿಜೀವನ. ಅಷ್ಟರಲ್ಲಿ ಅವನು ಬಿಟ್ಟುಹೋದ ಧ್ವನಿಮುದ್ರಣ ಎಷ್ಟೋ ಜನ ನಲವತ್ತು ವರ್ಷ ಹಾಡಿದ್ರೂ ಮಾಡಿಲ್ಲ. ಅದು ಹೇಗೆ ಸಾಧ್ಯ ಆಯ್ತು, ಅದರಲ್ಲಿ ಯಾವುದು ನಿಲ್ಲುತ್ತೆ, ಯಾವುದು ಬರೀ ಹೊಟ್ಟೆಪಾಡಿನದು? ಇದರ ಬಗ್ಗೆ ಬರೀರಿ.

ಕುತೂಹಲಿ:

ನಾನು ಹೊಸಬ. ಒಪೆರಾ ಅಂದ್ರೆ ಗಾಜು ಒಡೆಯೋ ಹಾಗೆ ಕೂಗೋದು ಅಂತಷ್ಟೇ ಗೊತ್ತು. ಟೆನರ್ ಅಂದ್ರೇನು, ಇವರನ್ನ ಕೇಳೋಕೆ ಎಲ್ಲಿಂದ ಶುರು ಮಾಡ್ಬೇಕು? ಮೂರು ಗಂಟೆಯದ್ದು ಹೇಳ್ಬೇಡಿ ಸರ್ ದಯವಿಟ್ಟು.

ಮಂದ್ರಪಂಚಮ:

ಟೆನರ್ ಅಂದ್ರೆ ಗಂಡಸರ ಕಂಠದಲ್ಲಿ ಮೇಲಿನ ಶ್ರುತಿಯದು. ಅದರಲ್ಲೂ ಇವರದು 'ಲಿರಿಕ್' ಟೆನರ್, ಹಗುರವಾದ, ಗೆರೆ ಎಳೆದ ಹಾಗೆ ಹರಿಯೋ ಧ್ವನಿ.

ಶುರು ಮಾಡೋಕೆ ನಾಲ್ಕು ನಿಮಿಷದ ಒಂದು ಹಾಡು ಸಾಕು. ಮೊಟ್ಸಾರ್ಟ್‌ನ 'ಮ್ಯಾಜಿಕ್ ಫ್ಲೂಟ್' ಒಪೆರಾದಲ್ಲಿ ರಾಜಕುಮಾರ ಟಮೀನೊ ಒಂದು ಚಿತ್ರಪಟ ನೋಡಿ ಪ್ರೇಮದಲ್ಲಿ ಬೀಳೋ ಜಾಗ, 'ಡೀಸ್ ಬಿಲ್ಡ್‌ನಿಸ್'. ನಾನು ಕರ್ನಾಟಕ ಸಂಗೀತ ಪಾಠ ಹೇಳೋಳು, ಹಾಗಾಗಿ ನಮ್ಮ ಲೆಕ್ಕದಲ್ಲೇ ಹೇಳ್ತೀನಿ. ಹಾಡಿನ ಆಧಾರಸ್ವರ ಇ-ಫ್ಲಾಟ್. ಅದನ್ನ ಷಡ್ಜ ಅಂತ ಇಟ್ಕೊಳ್ಳಿ. ಹಾಡು ಎತ್ತೋದು ಮಂದ್ರ ಪಂಚಮದಲ್ಲಿ, ಮರುಕ್ಷಣಕ್ಕೇ ಮಧ್ಯಸ್ಥಾಯಿಯ ಅಂತರ ಗಾಂಧಾರಕ್ಕೆ ಹಾರಬೇಕು. ನಮಗಾದ್ರೆ ಅಲ್ಲಿ ಒಂದು ಜಾರು ಹಾಕಿ ಹೋಗೋ ಅವಕಾಶ ಇದೆ. ಮೊಟ್ಸಾರ್ಟ್‌ನಲ್ಲಿ ಜಾರಿದ್ರೆ ಕೆಟ್ಟು ಹೋಗುತ್ತೆ, ನೆಗೆದ್ರೂ ಕೆಡುತ್ತೆ. ಎರಡು ಸ್ವರದ ಮಧ್ಯೆ ಉಸಿರು ತುಂಡಾಗಬಾರದು, ಆದ್ರೆ ಮಧ್ಯದ ಸ್ವರಗಳು ಕೇಳಿಸಬಾರದು. ಬಹಳ ಜನ ಗಾಂಧಾರಕ್ಕೆ ಹೋದ ತಕ್ಷಣ ಅದನ್ನ ಒತ್ತಿಬಿಡ್ತಾರೆ, ಎತ್ತರಕ್ಕೆ ಬಂದೆ ನೋಡು ಅನ್ನೋ ಹಾಗೆ. ವುಂಡರ್ಲಿಖ್ ಒತ್ತಲ್ಲ. ಕಾರ್ಲ್ ಬ್ಯೋಮ್ ನಿರ್ದೇಶನದಲ್ಲಿ 1964ರಲ್ಲಿ ಬರ್ಲಿನ್ ಫಿಲ್‌ಹಾರ್ಮೊನಿಕ್ ಜೊತೆ ಆದ ಮುದ್ರಣ ಹಾಕಿ, ಮೊದಲ ಹತ್ತು ಸೆಕೆಂಡನ್ನೇ ನಾಲ್ಕು ಸಲ ಕೇಳಿ. ನನ್ನ ದೊಡ್ಡ ವಿದ್ಯಾರ್ಥಿಗಳಿಗೆ ಕೇಳಿಸಿದ್ದೀನಿ. ಸ್ವರ ನಿಲ್ಲಿಸೋದು ಅಂದ್ರೆ ಏನು ಅಂತ ತಿಳಿಯೋಕೆ ಭಾಷೆ ಬೇಕಾಗಿಲ್ಲ.

ಧಾರವಾಡದಾಂವ:

ಎಲ್ಲಾ ಓದಿದೆ. ಒಂದ್ ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಮೂವತ್ತೈದಕ್ಕ ಹ್ವಾದ ಮನಶ್ಯಾನ್ನ 'ಜಗತ್ತಿನ ಶ್ರೇಷ್ಠ' ಅಂತ ಹೆಂಗ ಅಂತೀರಿ? ನಮ್ಮ ಮಲ್ಲಿಕಾರ್ಜುನ ಮನಸೂರ ಅವರ ಗಾಯನ ಹಣ್ಣಾಗಿದ್ದು ಅರವತ್ತು ದಾಟಿದ ಮ್ಯಾಲೆ. ಮೂವತ್ತೈದರಾಗ ಅವರೂ ಛಲೋನ ಹಾಡತಿದ್ರು, ಆದ್ರ ಆಮ್ಯಾಲಿನ ಮನಸೂರ ಬ್ಯಾರೇನೇ. ಹಂಗ ನೋಡಿದ್ರ ಡಿ. ವಿ. ಪಲುಸ್ಕರ್ 1955ರಾಗ ಮೂವತ್ನಾಲ್ಕಕ್ಕ ಹ್ವಾದ್ರು. ಅವರ ಮ್ಯಾಲೂ ಇಂಥಾದ್ದ ಮರುಕ. ಕಂಠ ಚಂದ, ಶುದ್ಧ ಸ್ವರ, ಎಲ್ಲಾ ಖರೇ. ಆದ್ರ ಅದು ಅರ್ಧಾ ದಾರಿ ಅಲ್ಲೇನ್ರಿ?

ಹಳೇರೇಡಿಯೊ:

ಸಿಟ್ಟಿಲ್ಲ ಸರ್, ಇಂಥ ಪ್ರಶ್ನೆಗೇ ಕಾಯ್ತಿದ್ದೆ. ಆದ್ರೆ ಎರಡು ಕಡೆ ಗಡಿಯಾರ ಬೇರೆ. ಖಯಾಲ್ ಹಾಡೋರಿಗೆ ಎಪ್ಪತ್ತರಲ್ಲೂ ರಾಗ ಬೆಳೆಸೋ ಬುದ್ಧಿ ಇರುತ್ತೆ, ಶ್ರುತಿ ಒಂದು ಮನೆ ಇಳಿಸಿಕೊಂಡ್ರೆ ಕೇಳೋ ಯಾರೂ ಬೇಡ ಅನ್ನಲ್ಲ. ಲಿರಿಕ್ ಟೆನರ್‌ಗೆ ಆ ಅನುಕೂಲ ಇಲ್ಲ. ಶ್ರುತಿ ಬರೆದಿಟ್ಟಾಗಿದೆ, ಎದುರಿಗೆ ಅರವತ್ತು ಎಪ್ಪತ್ತು ಜನರ ಆರ್ಕೆಸ್ಟ್ರಾ ಕೂತಿದೆ. ಮೂವತ್ತರಿಂದ ನಲವತ್ತೈದು ಅವರ ಬೆಳಗು ಮಧ್ಯಾಹ್ನ ಎರಡೂ. ಅವನು ಅರ್ಧ ದಾರಿ ನಡೆದಿದ್ದ ಅಂತ ಒಪ್ತೀನಿ. ಆ ಅರ್ಧದಲ್ಲಿ ಮುಟ್ಟಿದ್ದನ್ನ ಬೇರೆಯವರ ಪೂರ್ತಿ ದಾರಿ ಜೊತೆ ಇಟ್ಟು ನೋಡಬಹುದು ಅಂತಲೂ ಹೇಳ್ತೀನಿ.

ಸ್ಟುಟ್‌ಗಾರ್ಟ್‌ಶಿರಸಿ:

ಕೆಲಸದ ಮೇಲೆ ಬಂದು ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿದವ ನಾನು. ಹನ್ನೊಂದು ವರ್ಷದಲ್ಲಿ ಅಷ್ಟು ಕೆಲಸ ಹೇಗಾಯ್ತು ಅನ್ನೋದಕ್ಕೆ ಇಲ್ಲಿನ ಒಪೆರಾ ಮನೆಯ ಪದ್ಧತಿ ಗೊತ್ತಿರಬೇಕು. ಸ್ವಲ್ಪ ಉದ್ದ ಆಗ್ತದೆ, ತಾಳ್ಮೆ ಇರಲಿ.

ಜರ್ಮನಿಯಲ್ಲಿ ಒಪೆರಾ ಅಂದ್ರೆ ಸೀಸನ್ನಿಗೊಮ್ಮೆ ದೊಡ್ಡ ತಾರೆಯನ್ನು ಕರೆಸಿ ಜಾತ್ರೆ ಮಾಡೋದಲ್ಲ. ಸಣ್ಣ ಊರಿಗೂ ಒಂದು ಒಪೆರಾ ಮನೆ, ಅದಕ್ಕೆ ಸರ್ಕಾರದ ದುಡ್ಡು, ಅದರಲ್ಲಿ ತಿಂಗಳ ಸಂಬಳದ ಗಾಯಕರ ತಂಡ. ಇವತ್ತು ಮೊಟ್ಸಾರ್ಟ್, ನಾಳೆ ವರ್ಡಿ, ನಾಡಿದ್ದು ಆಪೆರೆಟ್ಟಾ, ಅಂದ್ರೆ ಹಗುರ ಹಾಸ್ಯದ ಒಪೆರಾ. ನಮ್ಮ ಕಡೆ ಯಕ್ಷಗಾನ ಮೇಳ ಇದ್ದ ಹಾಗೇ ಅಂದ್ಕೊಳ್ಳಿ. ಇವತ್ತು ಕೋಡಂಗಿ, ನಾಳೆ ಬಾಲಗೋಪಾಲ, ಮುಂದೊಂದು ದಿನ ಅರ್ಜುನ. ವುಂಡರ್ಲಿಖ್ 1955ರಲ್ಲಿ ಇಲ್ಲಿ ಸೇರಿಕೊಂಡಾಗ ಮೊದಲ ಪಾತ್ರ ವಾಗ್ನರ್‌ನ 'ಮೈಸ್ಟರ್‌ಸಿಂಗರ್'ನಲ್ಲಿ ಉಲ್ರಿಖ್ ಐಸ್‌ಲಿಂಗರ್. ಹನ್ನೆರಡು ಜನ ಗಾಯಕ ಮೇಸ್ತ್ರಿಗಳಲ್ಲಿ ಒಬ್ಬ ಕಿರಾಣಿ ವ್ಯಾಪಾರಿ. ಗುಂಪಿನಲ್ಲಿ ಗೋವಿಂದ ಅನ್ನುವ ಕೆಲಸ.

1956ರ ಶುರುವಿನಲ್ಲಿ 'ಮ್ಯಾಜಿಕ್ ಫ್ಲೂಟ್' ಇತ್ತು. ಟಮೀನೊ ಹಾಡಬೇಕಿದ್ದ ಹಿರಿಯ ಟೆನರ್ ಯೋಸೆಫ್ ಟ್ರಾಕ್ಸೆಲ್ ಹುಷಾರಿಲ್ಲ ಅಂದ್ರು. ಹುಡುಗನಿಗೆ ಅವಕಾಶ ಸಿಗಲಿ ಅಂತ ಬೇಕಂತಲೇ ಹಾಗೆ ಹೇಳಿದ್ರು ಅನ್ನುವ ಕಥೆ ಇದೆ. ಖರೆಯೋ ಸುಳ್ಳೋ, ಬದಲಿಗೆ ಬಂದವ ಆ ರಾತ್ರಿ ಹಾಡಿದ ಮೇಲೆ ಅವನನ್ನು ಐಸ್‌ಲಿಂಗರ್ ಮಾಡಲಿಕ್ಕೆ ಯಾರಿಗೂ ಮನಸ್ಸು ಬರಲಿಲ್ಲ. ಅದೇ ವರ್ಷ ಅದೇ ಮನೆಯ ಆರ್ಕೆಸ್ಟ್ರಾದಲ್ಲಿ ಹಾರ್ಪ್ ನುಡಿಸುತ್ತಿದ್ದ ಏಫಾ ಯುಂಗ್‌ನಿಟ್ಶ್ ಜೊತೆ ಮದುವೆ.

ಆ ಕಾಲದ ಸ್ಟುಟ್‌ಗಾರ್ಟ್ ಸಾಮಾನ್ಯ ಮನೆ ಅಲ್ಲ. 1912ರ ಕಟ್ಟಡ ಯುದ್ಧದಲ್ಲಿ ಉಳಿದುಕೊಂಡಿತ್ತು. ಸಂಗೀತ ನಿರ್ದೇಶಕ ಫರ್ಡಿನಾಂಡ್ ಲೈಟ್ನರ್. ವಾಗ್ನರ್‌ನ ಮೊಮ್ಮಗ ವೀಲಾಂಡ್ ವಾಗ್ನರ್ ಎಷ್ಟು ಸಲ ಇಲ್ಲಿ ರಂಗ ನಿರ್ದೇಶನ ಮಾಡಿದ್ದ ಅಂದ್ರೆ ವಾಗ್ನರ್ ಉತ್ಸವ ನಡೆಯುವ ಬೈರೋಯ್ಟ್ ಊರಿನ ಹೆಸರಿನಲ್ಲಿ ಇದಕ್ಕೆ 'ಚಳಿಗಾಲದ ಬೈರೋಯ್ಟ್' ಅಂತಲೇ ಹೆಸರು ಬಿದ್ದಿತ್ತು. ಕಾರ್ಲ್ ಓರ್ಫ್‌ನ 'ಈಡಿಪಸ್' 1959ರಲ್ಲಿ ಮೊದಲ ಸಲ ರಂಗಕ್ಕೆ ಬಂದದ್ದು ಇಲ್ಲೇ. ಅದರಲ್ಲಿ ಕುರುಡ ಪ್ರವಾದಿ ಟೈರೀಸಿಯಸ್ ಪಾತ್ರ ವುಂಡರ್ಲಿಖ್‌ದು. ಸಿಹಿ ಕಂಠದವನಿಗೆ ಯಾರಾದರೂ ಆ ಪಾತ್ರ ಕೊಡ್ತಾರಾ? ತಂಡದಲ್ಲಿ ಇದ್ದದ್ದಕ್ಕೆ ಸಿಕ್ಕಿತು. ಈಗಿನ ಪದ್ಧತಿಯಲ್ಲಿ ಏಜೆಂಟು ಬೇಡ ಅಂತಿದ್ದ.

1958ರಲ್ಲಿ ಫ್ರಾಂಕ್‌ಫರ್ಟ್, 1960ರಿಂದ ಮ್ಯೂನಿಕ್, ಆಮೇಲೆ ವಿಯೆನ್ನಾ. ಸಾಲ್ಸ್‌ಬರ್ಗ್ ಉತ್ಸವಕ್ಕೆ 1959ರಲ್ಲಿ, ರಿಚರ್ಡ್ ಸ್ಟ್ರಾಸ್‌ನ 'ಡೀ ಶ್ವೈಗ್ಸಾಮೆ ಫ್ರೌ'ದಲ್ಲಿ. ಒಂದೊಂದು ಮೆಟ್ಟಿಲನ್ನೂ ಕ್ರಮವಾಗಿಯೇ ಹತ್ತಿದವ.

ಹಳೇರೇಡಿಯೊ:

ಮೆಟ್ಟಿಲಿನ ಮಾತು ಬೇಡ ಅಂದಿದ್ದೆ :)

ಸ್ಟುಟ್‌ಗಾರ್ಟ್‌ಶಿರಸಿ:

ಕೈ ಜಾರಿತು ಮಾರಾಯ್ರೆ.

ಕಡಲಕರೆ:

ಹಾರ್ನಿನ ವಿಷಯ ಯಾರೂ ಎತ್ತಲಿಲ್ಲ ಅಲ್ವಾ? ನಾನು ಮಂಗಳೂರಿನವ, ಚರ್ಚ್ ಹಬ್ಬ, ಮದುವೆ ಅಂತ ಬ್ರಾಸ್ ಬ್ಯಾಂಡಿನಲ್ಲಿ ಊದಿ ಅಭ್ಯಾಸ ಉಂಟು. ನೋಡಿ, ತುತ್ತೂರಿ ಜಾತಿಯ ವಾದ್ಯದಲ್ಲಿ ಗಾಳಿ ಸ್ವಲ್ಪ ಹಿಂದೆ ಮುಂದೆ ಆದ್ರೆ ಸ್ವರವೇ ಬೇರೆ ಬರ್ತದೆ. ಅದರಲ್ಲಿ ಫ್ರೆಂಚ್ ಹಾರ್ನ್ ಅಂತೂ ಕಷ್ಟದ್ದು. ಮೇಲಿನ ಸ್ವರಗಳು ಒಂದಕ್ಕೊಂದು ಅಂಟಿಕೊಂಡೇ ಇರ್ತವೆ, ಒಂದು ಹಿಡಿಯಲಿಕ್ಕೆ ಹೋಗಿ ಪಕ್ಕದ್ದು ಬಂದು ಬಿಡ್ತದೆ. ಹಾಗಾಗಿ ಊದುವ ಮೊದಲೇ ಸ್ವರ ತಲೆಯಲ್ಲಿ ಕೇಳಬೇಕು, ಹೊಟ್ಟೆಯ ಹಿಡಿತ ಮೊದಲೇ ತಯಾರಿರಬೇಕು. ಅಷ್ಟು ವರ್ಷ ಆ ಕೆಲಸ ಮಾಡಿದವ ಹಾಡಲಿಕ್ಕೆ ನಿಂತ್ರೆ ಮೇಲಿನ ಸ್ವರಕ್ಕೆ ಹೆದರುವುದು ಎಂತಕ್ಕೆ? ಇವರ ಹಾಡು ಕೇಳುವಾಗ ನನಗೆ ಮೊದಲು ಗೊತ್ತಾಗುವುದು ಅದೇ. ಸ್ವರ ಶುರುವಾಗುವ ಜಾಗದಲ್ಲಿ ಒಂದು ಸಣ್ಣ ತಡಕಾಟವೂ ಇಲ್ಲ.

ಮತ್ತೆ ಡ್ಯಾನ್ಸ್ ಬ್ಯಾಂಡ್ ನುಡಿಸಿದವರಿಗೆ ತಾಳದ ಮೇಲೆ ಕೂರುವುದು ಗೊತ್ತಿರ್ತದೆ. 1965ರಲ್ಲಿ ಜರ್ಮನಿನಲ್ಲಿ 'ಗ್ರನಾಡಾ' ಹಾಡಿದ್ದಾರೆ, ಕೇಳಿ. ಪಕ್ಕಾ ಹಬ್ಬದ ರಾತ್ರಿಯ ಹಾಡು.

ಧಾರವಾಡದಾಂವ:

ಗ್ರನಾಡಾ ಕೇಳಿದೆ. ಅದಕ್ಕ ಏನ ಹೇಳ್ಲಿ, ಮದವಿ ಮನಿಯಾಗ ಮೈಕ್ ಸಿಕ್ಕಂಗ ಹಾಡ್ಯಾನ. ಇದನ್ನ ಕೇಳಿ ನನ್ನ ಅಭಿಪ್ರಾಯ ಬದಲಾಗೂದಿಲ್ಲ ನೋಡ್ರಿ.

ಮಂದ್ರಪಂಚಮ:

ಅದು ಹೊಟ್ಟೆಪಾಡಿನ ಸಾಲಿಗೆ ಸೇರಿದ್ದು, ಒಪ್ಪಿದೆ. ಆ ಕಾಲದಲ್ಲಿ ಆಪೆರೆಟ್ಟಾ, ಜನಪ್ರಿಯ ಹಾಡು, ಕ್ರಿಸ್‌ಮಸ್ ಹಾಡು, ಎಲ್ಲ ಮುದ್ರಿಸಿದ್ದಾರೆ. ಜರ್ಮನ್ ರೇಡಿಯೊ ಕೇಂದ್ರಗಳು ಯುದ್ಧದ ನಂತರ ತಮ್ಮದೇ ಆರ್ಕೆಸ್ಟ್ರಾ ಇಟ್ಕೊಂಡು ದಿನಾ ಮುದ್ರಣ ಮಾಡ್ತಿದ್ವು. ಸ್ಟುಟ್‌ಗಾರ್ಟ್, ಮ್ಯೂನಿಕ್, ಕೈಸರ್ಸ್‌ಲೌಟರ್ನ್, ಹೀಗೆ. ಸ್ವರ ಪತ್ರ ನೋಡಿದ ತಕ್ಷಣ ಓದಿ ಹಾಡೋ ವಾದ್ಯಗಾರ ಗಾಯಕ ಸಿಕ್ಕಿದ್ರೆ ಬಿಡ್ತಾರಾ? ಅಷ್ಟೊಂದು ಮುದ್ರಣ ಉಳಿದಿರೋದಕ್ಕೆ ಅದೂ ಒಂದು ಕಾರಣ. ಮೊದಮೊದಲಿನವುಗಳಲ್ಲಿ ಒಂದು 1955ರಲ್ಲಿ ಔಗುಸ್ಟ್ ವೆಂಟ್ಸಿಂಗರ್ ನಿರ್ದೇಶನದ ಮಾಂಟೆವೆರ್ಡಿಯ 'ಓರ್ಫೆಯೊ'. ಹಳೇ ವಾದ್ಯಗಳ ಜೊತೆ, ಹಳೇ ಶೈಲಿಯಲ್ಲಿ. ಆಗ ವಿದ್ಯಾರ್ಥಿ ದೆಸೆ ಇನ್ನೂ ಮುಗಿದಿತ್ತೋ ಇಲ್ಲವೋ. ಬಾಖ್‌ನ 'ಕ್ರಿಸ್‌ಮಸ್ ಆರಟೋರಿಯೊ' (ವೇಷ, ರಂಗ ಇಲ್ಲದೆ ಹಾಡೋ ಧಾರ್ಮಿಕ ಕಥೆ) ನಿರ್ದೇಶಕ ಕಾರ್ಲ್ ರಿಕ್ಟರ್ ಜೊತೆ 1965ರಲ್ಲಿ. ಅದರಲ್ಲಿ ಸುವಾರ್ತೆ ಓದೋ ಭಾಗಗಳನ್ನ ಕೇಳಿ. ಹಾಡು ಅಂತಲೇ ಅನ್ನಿಸಲ್ಲ, ಎದುರಿಗೆ ಕೂತು ಕಥೆ ಹೇಳ್ತಿರೋ ಹಾಗಿದೆ.

ಕುತೂಹಲಿ:

ಡೀಸ್ ಬಿಲ್ಡ್‌ನಿಸ್ ಕೇಳಿದೆ. ನಿಜ ಹೇಳ್ಬೇಕಂದ್ರೆ ಕೂಗು ಇಲ್ಲವೇ ಇಲ್ಲ! ಮೆಲ್ಲಗೆ ಇದೆ. ಹಾಗಾದ್ರೆ ಮೈಕ್ ಇಲ್ಲದೆ ಇಷ್ಟು ಮೆಲ್ಲಗೆ ಹಾಡಿದ್ರೆ ಹಿಂದಿನ ಸಾಲಿಗೆ ಕೇಳೋದು ಹೇಗೆ?

ಸ್ಟುಟ್‌ಗಾರ್ಟ್‌ಶಿರಸಿ:

ಒಳ್ಳೇ ಪ್ರಶ್ನೆ. ಆರ್ಕೆಸ್ಟ್ರಾದ ಗದ್ದಲ ಎಲ್ಲ ಹೆಚ್ಚಾಗಿ 500 ಹರ್ಟ್ಜ್ ಆಸುಪಾಸು. ಮೇಲೆ ಹೋದ ಹಾಗೆ ಅದರ ಬಲ ಇಳಿಯುತ್ತದೆ. ತರಬೇತಿ ಪಡೆದ ಒಪೆರಾ ಗಾಯಕ, ಅದರಲ್ಲೂ ಗಂಡಸರು, ಗಂಟಲಿನ ಮೇಲಿನ ಸಣ್ಣ ಕೊಳವೆಯನ್ನು ಹೊಂದಿಸಿಕೊಂಡು ಸುಮಾರು 3000 ಹರ್ಟ್ಜ್ ಹತ್ತಿರ ಧ್ವನಿಗೆ ಒಂದು ಕಾವು ಕೊಡ್ತಾರೆ. ಅಲ್ಲಿ ಆರ್ಕೆಸ್ಟ್ರಾ ತೆಳ್ಳಗಿರುತ್ತದೆ, ನಮ್ಮ ಕಿವಿ ಚುರುಕಾಗಿರುತ್ತದೆ. ಜೋರಿನ ಮಾತೇ ಅಲ್ಲ, ಜಾಗದ ಮಾತು. ವುಂಡರ್ಲಿಖ್ ಧ್ವನಿಯಲ್ಲಿ 'ಹೊಳಪು' ಅಂತ ಎಲ್ಲರೂ ಹೇಳುವುದು ಇದನ್ನೇ.

ಧಾರವಾಡದಾಂವ:

ಮೈಕ್ ಇಲ್ಲದ ಹಾಡೂದು ನಮ್ಮ ಹಿರಿಯರಿಗೂ ಗೊತ್ತಿತ್ತು ಬಿಡ್ರಿ. ಆದ್ರ ಇದು ತಿಳದಂಗಾತು, ಉಪಕಾರ ಆತು.

ಇನ್ನೊಂದು. ಇಟಾಲಿಯನ್ ಒಪೆರಾನೂ ಇಂವ ಜರ್ಮನ್ ಭಾಷಾದಾಗ ಹಾಡ್ಯಾನಂತ. ಇದೇನ್ ಪದ್ಧತಿ? ಪುರಂದರದಾಸರನ್ನ ಇಂಗ್ಲೀಷಿನ್ಯಾಗ ಹಾಡಿದಂಗಾಗಲಿಲ್ಲ?

ಹಳೇರೇಡಿಯೊ:

ಆ ಕಾಲದ ಜರ್ಮನಿಯಲ್ಲಿ ಅದೇ ರೂಢಿ. ಟಿಕೆಟ್ ಕೊಟ್ಟು ಬಂದ ಊರಿನ ಜನಕ್ಕೆ ಕಥೆ ಅರ್ಥ ಆಗ್ಬೇಕು, ರಂಗದ ಮೇಲೆ ಅನುವಾದ ತೋರಿಸೋ ಪರದೆ ಆಗ ಇರಲಿಲ್ಲ. ರೊಸ್ಸೀನಿ, ವರ್ಡಿ, ಪುಚ್ಚೀನಿ, ಚೈಕೊವ್‌ಸ್ಕಿ ಎಲ್ಲ ಜರ್ಮನಿನಲ್ಲೇ. ನನ್ನ ಅಭಿಪ್ರಾಯ: ಹಾಸ್ಯದಲ್ಲಿ ಇದು ಗೆಲ್ಲುತ್ತೆ, ಪುಚ್ಚೀನಿಯಲ್ಲಿ ಸೋಲುತ್ತೆ. ಇಟಾಲಿಯನ್‌ನ ಸ್ವರಾಂತ ಪದಗಳ ಮೇಲೆ ಕಟ್ಟಿದ ರಾಗಕ್ಕೆ ಜರ್ಮನಿನ ವ್ಯಂಜನಗಳ ಗಂಟು ಬಿದ್ದಾಗ ಸಾಲು ಎಡವುತ್ತೆ. ವುಂಡರ್ಲಿಖ್ ಕೂಡ ಅದನ್ನ ಪೂರ್ತಿ ಮರೆಸೋಕೆ ಆಗಿಲ್ಲ.

ಚೈಕೊವ್‌ಸ್ಕಿಯಲ್ಲಿ ಮಾತ್ರ ನಾನು ತಕರಾರು ಮಾಡಲ್ಲ. 'ಯೆವ್‌ಗೆನಿ ಅನ್ಯೇಗಿನ್'ನಲ್ಲಿ ದ್ವಂದ್ವಯುದ್ಧಕ್ಕೆ ಮುಂಚೆ ಲೆನ್‌ಸ್ಕಿ ಹಾಡೋ ಹಾಡು. ರಷ್ಯನ್ ಬಲ್ಲವರು ಮುಖ ಸಿಂಡರಿಸಬಹುದು, ನನಗೆ ರಷ್ಯನ್ ಬರಲ್ಲ, ಹಾಗಾಗಿ ಪೂರ್ತಿ ಸುಖ.

ಇಟಾಲಿಯನ್‌ನಲ್ಲೂ ಇದೆ. 1965ರ ಮ್ಯೂನಿಕ್ 'ಲಾ ತ್ರಾವಿಯಾತಾ', ತೆರೇಸಾ ಸ್ಟ್ರಾಟಸ್ ಜೊತೆ, ನೇರ ಪ್ರದರ್ಶನದ ಮುದ್ರಣ. ಅಲ್ಲಿ ಅವನು ಬೇರೆಯೇ ಮನುಷ್ಯ. ಶಬ್ದ ಒರಟು, ಜನ ಕೆಮ್ಮೋದು ಕೇಳುತ್ತೆ, ಆದ್ರೆ ರಂಗದ ಬಿಸಿ ಇದೆ.

ಕುತೂಹಲಿ, ನಿಮಗೆ ನೋಡೋಕೂ ಬೇಕು ಅಂದ್ರೆ 1959ರ ಕ್ರಿಸ್‌ಮಸ್ ದಿನ ಮ್ಯೂನಿಕ್‌ನಿಂದ ಟಿವಿಯಲ್ಲಿ ಬಂದ 'ಬಾರ್ಬರ್ ಆಫ್ ಸೆವಿಲ್' ಹುಡುಕಿ. ಕಪ್ಪು ಬಿಳುಪು, ಜರ್ಮನ್ ಭಾಷೆ. ಕ್ಷೌರಿಕ ಫಿಗರೊ ಆಗಿ ಹರ್ಮನ್ ಪ್ರೈ, ಸಂಗೀತದ ಮೇಷ್ಟ್ರು ಬಸೀಲಿಯೊ ಆಗಿ ಹಾನ್ಸ್ ಹೊಟ್ಟರ್. ವುಂಡರ್ಲಿಖ್ ಕೌಂಟ್ ಅಲ್ಮಾವೀವ. ಒಂದು ಕಡೆ ಕುಡುಕ ಸಿಪಾಯಿ ವೇಷ, ಇನ್ನೊಂದು ಕಡೆ ಸಂಗೀತ ಪಾಠ ಹೇಳೋಕೆ ಬಂದ ಕಪಟಿ ವೇಷ. ಪ್ರೈ ಮತ್ತು ಇವನು ನಿಜ ಜೀವನದಲ್ಲೂ ಗೆಳೆಯರು, ಅದು ಪರದೆಯ ಮೇಲೆ ಗೊತ್ತಾಗುತ್ತೆ.

ಮಂದ್ರಪಂಚಮ:

ಒಪೆರಾ ಸಾಕು, ಷೂಬರ್ಟ್, ಶೂಮನ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ಹಳೇರೇಡಿಯೊ ಅವರ 'ದುಡಿದು ಗಳಿಸಿದ್ದು' ಮಾತಿಗೆ ನಿಜವಾದ ಪುರಾವೆ ಅಲ್ಲಿದೆ. ಒಪೆರಾದಲ್ಲಿ ಹೆಸರು ಮಾಡಿದ ಮೇಲೂ ಬರೀ ಪಿಯಾನೊ ಜೊತೆ ಭಾವಗೀತೆ ಹಾಡೋಕೆ ನಿಂತಾಗ, ಕಂಠ ಸೊಗಸು, ಕವಿತೆ ಎಲ್ಲಿ ಅನ್ನೋ ಟೀಕೆ ಬಂತು. ನಮ್ಮಲ್ಲಿ ಶಾಸ್ತ್ರೀಯ ಹಾಡೋರು ಭಾವಗೀತೆ ಹಾಡಿದಾಗ ಕೇಳಿಬರೋ ಆಕ್ಷೇಪಣೆ ಇದೇ ಅಲ್ವಾ? ಆಗ ಅವರು ಹೋಗಿ ಕೂತಿದ್ದು ಹ್ಯೂಬರ್ಟ್ ಗೀಸನ್ ಹತ್ತಿರ. 1898ರಲ್ಲಿ ಹುಟ್ಟಿದ ಪಿಯಾನೊ ವಾದಕ, ಪಿಟೀಲು ವಾದಕ ಮೆನುಹಿನ್‌ಗೆ ಪಕ್ಕವಾದ್ಯ ನುಡಿಸಿದವರು. ಇವರಿಗಿಂತ ಮೂವತ್ತೆರಡು ವರ್ಷ ದೊಡ್ಡವರು. ಅಷ್ಟು ಹೊತ್ತಿಗೆ ಇವರು ದೇಶಕ್ಕೆಲ್ಲ ಗೊತ್ತಿರೋ ತಾರೆ. ಆದ್ರೂ ಶಿಷ್ಯನ ಹಾಗೆ ಪದ ಪದ ಬಿಡಿಸಿ ಪಾಠ ಮಾಡಿಸಿಕೊಂಡ್ರು.

1965ರ ಕೊನೆಗೆ ಮುದ್ರಿಸಿದ ಶೂಮನ್‌ನ 'ಡಿಖ್ಟರ್‌ಲೀಬೆ' ಅದರ ಫಲ. ಹೈನೆಯ ಕವಿತೆಗಳು, ಹದಿನಾರು ಹಾಡು, ಅರ್ಧ ಗಂಟೆ. ಏಳನೇದು 'ಇಖ್ ಗ್ರೋಲೆ ನಿಖ್ಟ್', ನನಗೆ ಸಿಟ್ಟಿಲ್ಲ ಅಂತ ಪ್ರೇಮಿ ಮತ್ತೆ ಮತ್ತೆ ಹೇಳ್ಕೊಳ್ಳೋದು. ಎಲ್ಲರೂ ಇಲ್ಲಿ ಕಹಿ ತುಂಬ್ತಾರೆ. ಇವರು ಮೊದಲು ನಿಜವಾಗ್ಲೂ ಸಿಟ್ಟಿಲ್ಲದವರ ಹಾಗೆ ಹಾಡ್ತಾರೆ, ಕೊನೆ ಹತ್ತಿರ ಮೇಲಿನ ಸ್ವರಕ್ಕೆ ಹೋದಾಗ ಮಾತ್ರ ಸುಳ್ಳು ಬಯಲಾಗುತ್ತೆ. ಇನ್ನೊಬ್ಬ ಜರ್ಮನ್ ಗಾಯಕ ಫಿಶರ್-ಡೀಸ್ಕೌ ಹಾಡಿದ್ದು ಇದಕ್ಕಿಂತ ಜಾಣತನದ್ದು ಅನ್ನೋರಿದ್ದಾರೆ. ಇರಬಹುದು. ಜಾಣತನ ಬೇಕಾದಾಗ ಅದನ್ನ ಕೇಳ್ತೀನಿ.

ಕಡಲಕರೆ:

ಈ ಕೊನೆಯ ವಾಕ್ಯಕ್ಕೆ ಜಗಳ ಆಗ್ತದೆ ನೋಡಿ ಈಗ.

ಹಳೇರೇಡಿಯೊ:

ಆಗಲಿ. ಅದಕ್ಕೂ ಮುಂಚೆ ನಮ್ಮ ಮೈಸೂರಿನ ಒಂದು ಎಳೆ ಹೇಳ್ತೀನಿ, ತೀರಾ ಎಳೆದು ತಂದಿದ್ದು ಅನ್ನಿಸಿದ್ರೆ ಬಿಟ್ಬಿಡಿ.

ಮಾಹ್ಲರ್‌ನ 'ದಾಸ್ ಲೀಡ್ ಫಾನ್ ಡೆರ್ ಎರ್ಡೆ', ಆರ್ಕೆಸ್ಟ್ರಾ ಜೊತೆ ಇಬ್ಬರು ಗಾಯಕರ ಆರು ಹಾಡು. ಚೀನೀ ಕವಿತೆಗಳ ಜರ್ಮನ್ ರೂಪ. ಟೆನರ್‌ಗೆ ಒಂದು, ಮೂರು, ಐದನೇ ಹಾಡು. ವುಂಡರ್ಲಿಖ್, ಕ್ರಿಸ್ಟಾ ಲುಡ್ವಿಗ್, ನಿರ್ದೇಶಕ ಓಟ್ಟೊ ಕ್ಲೆಂಪರರ್. 1964ರಿಂದ 66ರವರೆಗೆ ತುಂಡು ತುಂಡಾಗಿ ಲಂಡನ್‌ನಲ್ಲಿ ಆದ ಮುದ್ರಣ. ರೆಕಾರ್ಡಿನ ಮೇಲೆ ಆರ್ಕೆಸ್ಟ್ರಾ ಹೆಸರು ಎರಡಿದೆ: ಫಿಲ್‌ಹಾರ್ಮೊನಿಯಾ ಮತ್ತು ನ್ಯೂ ಫಿಲ್‌ಹಾರ್ಮೊನಿಯಾ. ಯಾಕೆ ಅಂದ್ರೆ ಮಧ್ಯದಲ್ಲಿ, 1964ರಲ್ಲಿ, ಸ್ಥಾಪಕ ವಾಲ್ಟರ್ ಲೆಗ್ ಆರ್ಕೆಸ್ಟ್ರಾವನ್ನೇ ವಿಸರ್ಜಿಸ್ತೀನಿ ಅಂದ. ವಾದಕರು ಒಪ್ಪದೆ ತಾವೇ ಸಂಘ ಕಟ್ಟಿಕೊಂಡು ಹೊಸ ಹೆಸರಲ್ಲಿ ಮುಂದುವರಿಸಿದ್ರು.

ಅದೇ ಫಿಲ್‌ಹಾರ್ಮೊನಿಯಾ ಕಾನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರಾಗಿದ್ದವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ರಷ್ಯನ್ ಸಂಗೀತಗಾರ ಮೆಟ್ನರ್‌ನ ಕೃತಿಗಳ ಮುದ್ರಣಕ್ಕೆ ದುಡ್ಡು ಕೊಟ್ಟವರೂ ಅವರೇ. ಆ ಸರಣಿಯಲ್ಲಿ ಮೆಟ್ನರ್ ತಾನೇ ಪಿಯಾನೊ ನುಡಿಸಿದಾಗ ಹಾಡಿದ್ದು ಇನ್ನೊಬ್ಬ ಜರ್ಮನ್ ಗಾಯಕಿ, ಎಲಿಸಬೆಟ್ ಶ್ವಾರ್ಟ್ಸ್‌ಕಾಫ್. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಲಂಡನ್‌ನಲ್ಲಿ ಮೊದಲ ಸಲ ಹಾಡಿಸಿಕೊಂಡಾಗ ಅದರ ಹಿಂದೆಯೂ ಮೈಸೂರಿನ ನೆರವಿತ್ತು. ವುಂಡರ್ಲಿಖ್‌ಗೂ ಮೈಸೂರಿಗೂ ನೇರ ಸಂಬಂಧ ಇಲ್ಲ. ಆದ್ರೆ ಅವನ ಅತಿ ದೊಡ್ಡ ಮುದ್ರಣದಲ್ಲಿ ಹಿಂದೆ ನುಡಿಯೋ ಆರ್ಕೆಸ್ಟ್ರಾ ಕಷ್ಟದ ದಿನಗಳಲ್ಲಿ ನಿಂತಿದ್ದಕ್ಕೆ ಅರಮನೆಯ ಪಾಲು ಒಂದಿಷ್ಟು ಇದೆ.

ಧಾರವಾಡದಾಂವ ಅವರೇ, ನೀವು ಅದರ ಮೊದಲ ಹಾಡು ಕೇಳಿ. ಆರ್ಕೆಸ್ಟ್ರಾ ಮೈಮೇಲೆ ಬಂದ ಹಾಗೆ ಬಾರಿಸ್ತಿರುತ್ತೆ, ಎಷ್ಟೋ ದೊಡ್ಡ ಟೆನರ್‌ಗಳು ಅಲ್ಲಿ ಮುಳುಗಿಹೋಗಿದ್ದಾರೆ. ಲಿರಿಕ್ ಕಂಠ ಅಲ್ಲಿ ಬದುಕಬಾರದು.

ಸ್ಟುಟ್‌ಗಾರ್ಟ್‌ಶಿರಸಿ:

ಇದರಿಂದಲೇ ಎಲ್ಲರೂ ಹೇಳುವುದು, ಬದುಕಿದ್ದರೆ ಮುಂದೆ ವಾಗ್ನರ್‌ನ ದೊಡ್ಡ ನಾಯಕ ಪಾತ್ರ ಲೋಹೆನ್‌ಗ್ರಿನ್ ಹಾಡುತ್ತಿದ್ದ ಅಂತ. ನನಗೆ ನಂಬಿಕೆ ಇಲ್ಲ. ಮುದ್ರಣದಲ್ಲಿ ಮೈಕು ಸಹಾಯ ಮಾಡ್ತದೆ. ರಂಗದ ಮೇಲೆ ವಾಗ್ನರ್‌ನಲ್ಲಿ ಅವನು ಹಾಡಿದ್ದು ಸಣ್ಣವನ್ನೇ. 'ಫ್ಲೈಯಿಂಗ್ ಡಚ್‌ಮನ್'ನ ಚುಕ್ಕಾಣಿಗ, 'ಟಾನ್‌ಹಾಯ್ಸರ್'ನ ವಾಲ್ಟರ್, ಎರಡೂ ಕೊನ್ವಿಚ್ನಿ ನಿರ್ದೇಶನದ 1960ರ ಮುದ್ರಣಗಳಲ್ಲಿ ಇವೆ. ಒಂದೊಂದೂ ಅಷ್ಟೇ ಚಂದ. ಆದ್ರೆ ಚುಕ್ಕಾಣಿಗನಿಂದ ಲೋಹೆನ್‌ಗ್ರಿನ್‌ಗೆ ದೂರ ಬಹಳ ಇದೆ.

ಹಳೇರೇಡಿಯೊ:

1964ರಲ್ಲಿ ವಿಯೆನ್ನಾದಲ್ಲಿ ಪ್ಫಿಟ್ಸ್‌ನರ್‌ನ 'ಪಲೆಸ್ಟ್ರೀನ'ದ ಮುಖ್ಯ ಪಾತ್ರ ಹಾಡಿದ್ದಾನೆ, ಅದು ಸಣ್ಣದಲ್ಲ. ವಯಸ್ಸಾದ, ದಣಿದ ಸಂಗೀತಗಾರನ ಪಾತ್ರ. ಮೂವತ್ನಾಲ್ಕರಲ್ಲಿ.

ಸ್ಟುಟ್‌ಗಾರ್ಟ್‌ಶಿರಸಿ:

ಪಲೆಸ್ಟ್ರೀನ ಒಪ್ಪಿದೆ. ಲೋಹೆನ್‌ಗ್ರಿನ್ ಒಪ್ಪುವುದಿಲ್ಲ.

ಕಡಲಕರೆ:

ಹಾಡದ್ದರ ಬಗ್ಗೆ ಇಷ್ಟು ಜಗಳ ಎಂತಕ್ಕೆ ಮಾರಾಯ್ರೆ, ಹಾಡಿದ್ದೇ ಕೇಳಿ ಮುಗಿಯುವುದಿಲ್ಲ.

ಧಾರವಾಡದಾಂವ:

ಮಾಹ್ಲರ್ ಕೇಳಿದೆ. ಎರಡ್ ಸಲ. ಮೊದಲನೇ ಹಾಡಿನ್ಯಾಗ ಒಂದ್ ಸಾಲು ಮೂರು ಸಲ ಬರ್ತದ, ಪ್ರತಿ ಸಲ ಒಂದೊಂದ್ ಮನಿ ಮ್ಯಾಲ. ಬಾಳೂ ಕತ್ತಲಿ, ಸಾವೂ ಕತ್ತಲಿ ಅಂತ ಅರ್ಥ ಅದಂತ. ಆ ಸಾಲಿಗೆ ಬಂದಾಗ ಇಂವ ಕೂಗೂದು ಬಿಟ್ಟು ಸುಮ್ಮ ಇಳೀತಾನ. ಅಲ್ಲಿ ನಾನು ತಲಿ ಆಡಿಸಿದೆ, ಖರೇ ಹೇಳತೀನಿ. ಮೂರನೇದು, ಆ ನೀರಾಗಿನ ಮಂಟಪದ ಹಾಡು, ಬಾಳ ಹಗೂರ ಹಾಡ್ಯಾನ. ಪಲುಸ್ಕರ್ ಅವರ ಭಜನದಾಗ ಇರೋ ಅಂಥಾ ಹಗೂರ.

ಆದ್ರೂ ನನ್ನ ಮಾತು ನನಗ. ಅರ್ಧಾ ದಾರಿ ಅರ್ಧಾ ದಾರೀನ. ಅದಿರ್ಲಿ, ಹೈಡನ್‌ನ 'ಕ್ರಿಯೇಷನ್' ಅಂತ ಒಂದ್ ಸಿಕ್ತು, ಕರಾಯನ್ ನಿರ್ದೇಶನ. ಡಬ್ಬಿ ಮ್ಯಾಲೆ ಇವನ ಹೆಸರಿನ ಜೋಡಿ ಇನ್ನೊಬ್ಬ ಟೆನರ್ ಹೆಸರೂ ಅದ. ಪಾತ್ರ ಒಂದ, ಹಾಡಾವ್ರು ಇಬ್ಬರು. ಇದೇನ್ರಿ?

ಹಳೇರೇಡಿಯೊ:

ಯೂರಿಯಲ್ ದೇವದೂತನ ಪಾತ್ರ ಅದು. ಏರಿಯಾಗಳನ್ನ, ಅಂದ್ರೆ ಒಬ್ಬರೇ ಹಾಡೋ ಪೂರ್ತಿ ಹಾಡುಗಳನ್ನ, ವುಂಡರ್ಲಿಖ್ ಮುಗಿಸಿದ್ದ, ಕಥೆ ಹೇಳೋ ರೆಸಿಟೇಟಿವ್ ಭಾಗಗಳು ಬಾಕಿ ಇದ್ವು. ಅವನು ಹೋದ ಮೇಲೆ ಅವನ್ನ ವೆರ್ನರ್ ಕ್ರೆನ್ ಹಾಡಿ ತುಂಬಿಸಿದ್ರು, ರೆಕಾರ್ಡು ಹೊರಬಂದಿದ್ದು 1969ರಲ್ಲಿ. ಕ್ರೆನ್ ಕೂಡ ವಾದ್ಯದಿಂದ ಬಂದವರು, ಬಸೂನ್ ಅನ್ನೋ ಊದುವ ವಾದ್ಯ ನುಡಿಸ್ತಿದ್ರು. ಹೊಂದಿಸಿಕೊಂಡು ಹಾಡಿದ್ದಾರೆ, ಪಾಪ, ಅವರ ಜಾಗದಲ್ಲಿ ನಿಲ್ಲೋದು ಯಾರಿಗೂ ಬೇಡ. ಡಬ್ಬಿ ನೋಡದೆ ಒಮ್ಮೆ ಕೇಳಿ, ಎಲ್ಲಿ ಗಾಯಕ ಬದಲಾಗ್ತಾನೆ ಅಂತ ಬರೆದಿಟ್ಟುಕೊಳ್ಳಿ, ಆಮೇಲೆ ತಾಳೆ ನೋಡಿ.

ಧಾರವಾಡದಾಂವ:

ಆತು, ಐತವಾರ ಕೇಳತೀನಿ. ಅಷ್ಟರಾಗ ನೀವು ಪಲುಸ್ಕರ್ ಅವರ 'ಶ್ರೀ' ರಾಗ ಕೇಳಿಟ್ಟಿರ್ರಿ. ಬರೇ ನಾನ ಕೇಳೂದಾತು.